ಕನ್ನಡಕದಕ್ಕನ ತಾರಸಿಗೆ ಎಷ್ಟು ದೂರ

ಆ ಊರಿನಿಂದ ಈ ಊರಿಗೆ ಎಷ್ಟು ದೂರ ಎಂದು ಯಾರನ್ನಾದರೂ ಕೇಳಿ ನೋಡಿ. ಫೋನು ತೆಗೆದು, ಎರಡು ಊರಿನ ಹೆಸರು ಒತ್ತಿ, ಒಂದು ಅಂಕಿ ಹೇಳಿಬಿಡುತ್ತಾರೆ. ಮುನ್ನೂರು ಚಿಲ್ಲರೆ ಕಿಲೋಮೀಟರು, ವಿಮಾನದಲ್ಲಿ ಮುಕ್ಕಾಲು ಗಂಟೆ. ಅಷ್ಟಕ್ಕೆ ಅವರ ಕೆಲಸ ಮುಗಿಯಿತು. ರೇಸಿನ ಪಾರಿವಾಳ ಸಾಕುವವರಿಗೆ ಮಾತ್ರ ಈ ಉತ್ತರ ಕೇಳಿದರೆ ನಗು ಬರುತ್ತದೆ. ಊರು ಅಂದರೆ ಯಾವುದು? ಬಸ್ ನಿಲ್ದಾಣವೇ, ವಿಮಾನ ನಿಲ್ದಾಣವೇ, ದೊಡ್ಡ ಆಸ್ಪತ್ರೆಯ ಗೇಟೇ? ಪಾರಿವಾಳ ಊರಿಗೆ ಬರುವುದಿಲ್ಲ, ಮನೆಗೆ ಬರುತ್ತದೆ. ಆ ಊರಿನ ಮೈದಾನದಲ್ಲಿ ಎಲ್ಲರ ಹಕ್ಕಿಗಳನ್ನೂ ಒಟ್ಟಿಗೇ ಬಿಟ್ಟರೂ ಈ ಊರಿನ ಒಂದೊಂದು ತಾರಸಿಗೂ ಒಂದೊಂದು ದೂರ. ಆ ದೂರವನ್ನು ಹಾರಿದ ಹೊತ್ತಿನಿಂದ ಭಾಗಿಸಿದರೆ ವೇಗ. ಯಾರ ಹಕ್ಕಿಯ ವೇಗ ಹೆಚ್ಚೋ ಅವರು ಗೆದ್ದರು.

ಈ ಊರಿನ ಪಾರಿವಾಳದ ಕ್ಲಬ್ಬು ಅಂದರೆ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಒಂದು ಗೋಡೆಯ ತುಂಬ ಕಪ್ಪು ಬೋರ್ಡು. ಅದರ ಮೇಲೆ ಬಿಳಿ ಬಣ್ಣದಲ್ಲಿ ಸದಸ್ಯರ ಹೆಸರು, ಹೆಸರಿನ ಮುಂದೆ ಅವರವರ ತಾರಸಿಗೆ ಆ ಊರಿನ ಮೈದಾನದಿಂದ ಇರುವ ದೂರ, ಮೀಟರಿನ ಲೆಕ್ಕದವರೆಗೆ. ಬೋರ್ಡಿನ ಮೇಲೆ ದೂರ ಇದ್ದವರು ಸದಸ್ಯರು. ದೂರ ಇಲ್ಲದವರು ಬಂದು ಚಹಾ ಕುಡಿದು, ಬಾಯಿ ಚಪಲ ತೀರಿಸಿಕೊಂಡು ಹೋಗಬಹುದು.

ಆ ಸಂಜೆಯ ಮೀಟಿಂಗಿನಲ್ಲಿ ಒಬ್ಬಳು ಎದ್ದು ನಿಂತಳು. ಅಲ್ಲಿದ್ದ ಗಂಡಸರೆಲ್ಲ ಅವಳನ್ನು ಕರೆಯುವುದು ‘ಸರ್ವೆಯರ್ ತಂಗಿ’ ಎಂದು. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜನ್ನು ಸಾಣೆ ಹಿಡಿದು ಫ್ರೇಮಿಗೆ ಕೂರಿಸುವ ಕೆಲಸ. ಅಲ್ಲಿ ಎಲ್ಲರಿಗೂ ಅವಳು ‘ಕನ್ನಡಕದಕ್ಕ’. ನಲವತ್ತು ದಾಟಿದ ಹೆಂಗಸನ್ನು ಇನ್ನೊಬ್ಬರ ತಂಗಿ ಎಂದು ಗುರುತಿಸುವುದಕ್ಕಿಂತ ಅವಳ ಕೈಯ ಕೆಲಸದಿಂದ ಗುರುತಿಸುವುದು ಎಷ್ಟೋ ವಾಸಿ. ನಾವು ಹಾಗೇ ಕರೆಯೋಣ.

“ನನ್ನ ತಾರಸಿಗೂ ದೂರ ಅಳೀಬೇಕು,” ಅಂದಳು ಕನ್ನಡಕದಕ್ಕ.

ಕ್ಲಬ್ಬಿನ ಸೆಕ್ರೆಟರಿ ಔಷಧಿ ಅಂಗಡಿ ಇಟ್ಟವರು. ಯಾರು ಏನು ಹೇಳಿದರೂ ಅದಕ್ಕೊಂದು ಮಾತ್ರೆ ಇದೆ ಎನ್ನುವ ಹಾಗೆ ತಲೆಯಾಡಿಸುವುದು ಅವರ ಅಭ್ಯಾಸ. ಅವರು ಬೋರ್ಡಿನ ಮೇಲಿನ ಸಾಲಿಗೆ ಬೆರಳು ತೋರಿಸಿದರು. “ನಿಮ್ಮ ಮನೇದು ಆಗಲೇ ಇದೆಯಲ್ಲಮ್ಮ. ನಿಮ್ಮಪ್ಪನ ಕಾಲದಿಂದ ಇದೆ.”

“ಅದು ಅಣ್ಣನ ಮನೇದು. ನಾನೀಗ ಅಲ್ಲಿಲ್ಲ. ಹೊಳೆಯಾಚೆ ಬಾಡಿಗೆಗಿದ್ದೀನಿ, ನಾಲ್ಕು ತಿಂಗಳಾಯ್ತು. ಹಕ್ಕಿಗಳೂ ಅಲ್ಲೇ ಇದಾವೆ.”

ಅಣ್ಣ ಮುಂದಿನ ಸಾಲಿನಲ್ಲೇ ಕೂತಿದ್ದ. ವೃತ್ತಿಯಿಂದ ಸರ್ವೆಯರ್, ಊರಿನ ಅರ್ಧ ಸೈಟುಗಳಿಗೆ ಗಡಿ ಕಲ್ಲು ನೆಡಿಸಿದವನು. ಕ್ಲಬ್ಬಿನ ದೂರಗಳನ್ನು ಅಳೆದು ಬರೆಯುವ ಹೊಣೆಯೂ ಅವನದೇ. ಅವನು ತಿರುಗಿ ಕೂಡ ನೋಡದೆ ಹೇಳಿದ, “ಅಲ್ಲಿ ಅಳೆಯೋಕೇನಿದೆ? ಅವಳು ತಗೊಂಡ್ಹೋದ ಹಕ್ಕಿಯೆಲ್ಲ ನಮ್ಮ ತಾರಸಿ ಮೇಲೆ ಹುಟ್ಟಿದ್ದು. ದೂರದಿಂದ ಬಿಟ್ರೆ ನಮ್ಮನೆಗೇ ಬರ್ತವೆ. ಸುಮ್ನೆ ಬೋರ್ಡಿಗೆ ಬಣ್ಣ ದಂಡ.”

ಕೋಣೆಯೆಲ್ಲ ನಕ್ಕಿತು. ಕನ್ನಡಕದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಸುಳ್ಳು ಹೇಳಿದ್ದಕ್ಕಲ್ಲ. ಅಣ್ಣ ಹೇಳಿದ್ದು ನಿಜವಾಗಿತ್ತು, ಅದಕ್ಕೇ ಹೆಚ್ಚು ಉರಿಯಿತು.

“ಮುಂದಿನ ವಾರ ನನ್ನ ಗೂಡಲ್ಲಿ ಮೊಟ್ಟೆ ಒಡೆದು ಮರಿ ಬರುತ್ತೆ,” ಅಂದಳು. “ಅವು ಹುಟ್ಟೋದು ನನ್ನ ತಾರಸಿ ಮೇಲೇ ಅಲ್ವಾ? ಅವಕ್ಕೆ ಉಂಗುರ ಬೇಕು.”

ಈಗ ನಗು ಸ್ವಲ್ಪ ತಗ್ಗಿತು. ಉಂಗುರದ ವಿಷಯದಲ್ಲಿ ಪಾರಿವಾಳದವರು ತಮಾಷೆ ಮಾಡುವುದಿಲ್ಲ. ಮರಿ ಹುಟ್ಟಿದ ವಾರದೊಳಗೆ ಕ್ಲಬ್ಬು ಕೊಡುವ ಲೋಹದ ಉಂಗುರವನ್ನು ಅದರ ಕಾಲಿಗೆ ತೊಡಿಸಬೇಕು. ಆಮೇಲೆ ಪಾದ ಬೆಳೆದು ಉಂಗುರ ಒಳಗೆ ಹೋಗುವುದಿಲ್ಲ. ಉಂಗುರ ಇಲ್ಲದ ಹಕ್ಕಿ ಎಷ್ಟೇ ಚೂಟಿಯಾಗಿದ್ದರೂ ಜನ್ಮದಲ್ಲಿ ರೇಸಿಗೆ ಇಳಿಯುವ ಹಾಗಿಲ್ಲ. ಬೋರ್ಡಿನ ಮೇಲೆ ದೂರ ಇದ್ದವರಿಗಷ್ಟೇ ಕ್ಲಬ್ಬು ಉಂಗುರ ಕೊಡುತ್ತದೆ.

ಸೆಕ್ರೆಟರಿ ಮಾತ್ರೆ ಹುಡುಕಿದರು. “ಇನ್ನೆರಡು ವಾರಕ್ಕೆ ಈ ವರ್ಷದ ಕೊನೇ ರೇಸಿದೆ. ಆ ಊರಿಂದ ನಿಂದು ಒಂದೇ ಒಂದು ಹಕ್ಕಿ ಅವತ್ತೇ, ಕತ್ತಲಾಗೋದ್ರೊಳಗೆ, ನಿನ್ನ ಗೂಡಿಗೆ ಬಂದು ಸೇರ್ಲಿ. ನಾನೇ ಬಂದು ಕೂತು ನೋಡ್ತೀನಿ. ಬಂದ್ರೆ ಮಾರನೇ ದಿನ ನಿಮ್ಮಣ್ಣನೇ ಬಂದು ಅಳೀತಾರೆ. ಎಲ್ಲರಿಗೂ ಒಪ್ಪಿಗೇನಾ?”

“ಬರದಿದ್ರೆ?” ಅಂದ ಸರ್ವೆಯರ್. ಈಗ ತಿರುಗಿ ತಂಗಿಯ ಮುಖ ನೋಡಿದ. “ಬರದಿದ್ರೆ ಹಕ್ಕಿನೆಲ್ಲ ತಂದು ನಮ್ಮ ಗೂಡಿಗೆ ಬಿಡ್ಬೇಕು. ನೀನೂ ಬಾ. ನಿನ್ನ ರೂಮು ಖಾಲಿ ಇದೆ.”

“ಆಯ್ತು,” ಅಂದಳು ಕನ್ನಡಕದಕ್ಕ.

ಸೆಕ್ರೆಟರಿ, ಅವಳು ಚೌಕಾಶಿ ಮಾಡಿಯಾಳು, ಅತ್ತಾಳು, ಮುನಿಸಿಕೊಂಡು ಹೊರಟಾಳು ಎಂದೆಲ್ಲ ಎಣಿಸಿದ್ದರು. ಗೆಲ್ಲುವ ದಾರಿಯೇ ಇಲ್ಲದ ಪಂಥಕ್ಕೆ ಹೀಗೆ ತಲೆಕೊಡುತ್ತಾಳೆ ಎಂದು ಎಣಿಸಿರಲಿಲ್ಲ.

ಅವಳು ಮನೆ ಬಿಟ್ಟ ಕತೆ ಉದ್ದದ್ದೇನಲ್ಲ. ಅಪ್ಪ ಇದ್ದಾಗಿನಿಂದ ತಾರಸಿಯ ಗೂಡು ಗುಡಿಸಿದವಳು, ಕಾಳು ನೀರು ಇಟ್ಟವಳು, ಬೆಳಗಿನ ಜಾವ ಬುಟ್ಟಿ ಹೊತ್ತು ಊರಾಚೆ ಹೋಗಿ ಹಕ್ಕಿ ಬಿಟ್ಟು ತರಬೇತಿ ಕೊಟ್ಟವಳು ಅವಳು. ಹಕ್ಕಿಗಳು ಗೆದ್ದಾಗ ಕಪ್ ತೆಗೆದುಕೊಳ್ಳಲು ವೇದಿಕೆ ಹತ್ತಿದವನು ಅಣ್ಣ. ಅದನ್ನೂ ಅವಳು ಹೊಟ್ಟೆಗೆ ಹಾಕಿಕೊಂಡಿದ್ದಳು. ಆದರೆ ಒಂದು ದಿನ ಕೆಲಸದಿಂದ ಬಂದು ನೋಡಿದರೆ, ಅವಳು ಮೂರು ವರ್ಷ ಕಷ್ಟಪಟ್ಟು ಬೆಳೆಸಿದ ಒಂದು ಜೋಡಿ ಗೂಡಿನಲ್ಲಿರಲಿಲ್ಲ. ಅಣ್ಣ ಅದನ್ನು ತನ್ನ ಮೇಲಧಿಕಾರಿಗೆ ಕೊಟ್ಟುಬಿಟ್ಟಿದ್ದ. “ಅವರು ಆಸೆಪಟ್ರು, ಕೊಟ್ಟೆ. ಹಕ್ಕಿ ತಾನೇ?” ಅಂದ. ಅವಳು ಒಂದು ಮಾತೂ ಆಡದೆ ತನ್ನ ಬಟ್ಟೆ ಕಟ್ಟಿದಳು, ತಾನು ಕೈಯಾರೆ ಬೆಳೆಸಿದ ಹನ್ನೊಂದು ಹಕ್ಕಿಗಳನ್ನು ಬುಟ್ಟಿಗೆ ಹಾಕಿದಳು. ಬಾಗಿಲಲ್ಲಿ ನಿಂತು ಅಣ್ಣ ನಗುತ್ತಲೇ ಅಂದ, “ಪಾರಿವಾಳ ಎಲ್ಲಿಗೆ ತಗೊಂಡ್ಹೋದ್ರೂ ಇಲ್ಲಿಗೇ ವಾಪಸ್ ಬರುತ್ತೆ. ನೀನೂ ಅಷ್ಟೇ.”

ಬೈದಿದ್ದರೆ ಮರೆಯುತ್ತಿದ್ದಳೇನೋ. ನಗುತ್ತ ಹೇಳಿದ್ದನ್ನು ಮರೆಯುವುದು ಕಷ್ಟ.

ಹೊಸ ಮನೆ ಮೂರನೇ ಮಹಡಿಯಲ್ಲಿ ಒಂದೂವರೆ ಕೋಣೆ. ತಾರಸಿಯ ಒಂದು ಮೂಲೆಯಲ್ಲಿ ಹಳೇ ಬಾಗಿಲು, ಜಾಲರಿ ಸೇರಿಸಿ ತಾನೇ ಗೂಡು ಕಟ್ಟಿದಳು. ಹನ್ನೊಂದರಲ್ಲಿ ರೇಸಿಗೆ ಲಾಯಕ್ಕಾದದ್ದು ಒಂದೇ, ಬೂದು ಬಣ್ಣದ ಒಂದು ಹೆಣ್ಣು. ಅದರ ಹೆಸರು ಮುಂಗೋಪಿ. ಕೈ ಚಾಚಿದರೆ ಕುಕ್ಕುವುದು, ಪಕ್ಕದಲ್ಲಿ ಯಾರಾದರೂ ಕೂತರೆ ರೆಕ್ಕೆಯಿಂದ ಬಾರಿಸುವುದು, ಹೊಸ ಕಾಳು ಹಾಕಿದರೆ ಮೊದಲು ಕಾಲಿಂದ ಕೆದರಿ ಚೆಲ್ಲುವುದು ಅದರ ದಿನಚರಿ. ಹೊಸ ಗೂಡಿನಿಂದ ಮೊದಲ ಸಲ ಹೊರಗೆ ಬಿಟ್ಟಾಗ ಅದು ಒಂದು ಸುತ್ತೂ ಹಾಕದೆ ಹೊಳೆ ದಾಟಿ ಹಳೇ ತಾರಸಿಗೆ ಹೋಯಿತು. ಅತ್ತಿಗೆ ಅದನ್ನು ಚಪ್ಪಲಿಯ ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಆಟೋದಲ್ಲಿ ತಂದುಕೊಟ್ಟಳು. ಎರಡನೇ ಸಲವೂ ಹಾಗೇ ಆಯಿತು. ಆಮೇಲೆ ಕನ್ನಡಕದಕ್ಕ ಅದಕ್ಕೊಂದು ಗಂಡು ತಂದಳು. ಸೆಕ್ರೆಟರಿಯೇ ಕೊಟ್ಟ ಆ ಗಂಡು ಬೇರೆ ಮನೆಯಲ್ಲಿ ಹುಟ್ಟಿದ್ದು. ಹೊರಗೆ ಬಿಟ್ಟರೆ ಹುಟ್ಟಿದಲ್ಲಿಗೇ ಹೋಗುತ್ತದೆಂದು ಜಾಲರಿಯ ಒಳಗೇ ಇರಬೇಕು. ತಿನ್ನುವುದು, ಕೂರುವುದು, ಗುಟುರು ಹಾಕುವುದು. ಅದಕ್ಕೆ ಅವಳು ಮನೆಅಳಿಯ ಎಂದು ಹೆಸರಿಟ್ಟಳು.

ಮೊಟ್ಟೆ ಇಟ್ಟ ಮೇಲೆ ಮುಂಗೋಪಿಗೆ ಹೊಸ ತಾರಸಿ ಹಿಡಿಸಿದ ಹಾಗೆ ಕಂಡಿತು. ಹೊರಗೆ ಬಿಟ್ಟರೆ ಸುತ್ತು ಹಾಕಿ ಇಲ್ಲಿಗೇ ಇಳಿಯುತ್ತಿತ್ತು. ಆದರೆ ಇದೆಲ್ಲ ಪಕ್ಕದ ಬೀದಿಯ ಮಾತು. ಮುನ್ನೂರು ಕಿಲೋಮೀಟರು ಆಚೆ, ಬುಟ್ಟಿಯ ಕತ್ತಲಿಂದ ಹೊರಗೆ ಎಸೆದಾಗ, ಹಕ್ಕಿಯ ತಲೆಯಲ್ಲಿ ಯಾವ ಮನೆ ಎದ್ದು ನಿಲ್ಲುತ್ತದೆ ಎಂಬುದು ಬೇರೆಯೇ ಮಾತು. ಅವಳಿಗೂ ಗೊತ್ತಿತ್ತು.

ರೇಸಿಗೆ ಐದು ದಿನ ಇರುವಾಗ ಮೊಟ್ಟೆ ಒಡೆದು ಮರಿ ಬಂದವು, ಎರಡು. ಕಣ್ಣು ಬಿಡದ, ಹಳದಿ ತುಪ್ಪಟದ, ನೋಡಲು ಸ್ವಲ್ಪವೂ ಚೆನ್ನಾಗಿಲ್ಲದ ಮರಿಗಳು. ಹಕ್ಕಿಗಳನ್ನು ಆ ಊರಿಗೆ ಹೋಗುವ ಲಾರಿಗೆ ಏರಿಸುವ ಸಂಜೆ ಅವಳು ಮುಂಗೋಪಿಯನ್ನು ಮರಿಗಳ ಮೇಲಿಂದ ಎತ್ತಿದಾಗ ಅದು ಅವಳ ಹೆಬ್ಬೆರಳಿನ ಸಂದಿಯಲ್ಲಿ ರಕ್ತ ಬರುವ ಹಾಗೆ ಕುಕ್ಕಿತು. “ಕುಕ್ಕು,” ಅಂದಳು. “ಆ ಕೋಪ ಅಲ್ಲೀವರೆಗೂ ಇಟ್ಕೊಂಡಿರು. ಅಲ್ಲಿಂದ ಇಲ್ಲೀವರೆಗೂ ತಗೊಂಡ್ಬಾ.” ಮರಿಗಳಿಗೆ ಗುಟುಕು ಕೊಡುವ ಕೆಲಸ ಮನೆಅಳಿಯನ ಪಾಲಿಗೆ ಬಂತು. ಜೀವನದಲ್ಲಿ ಮೊದಲ ಸಲ ಅವನು ಮೈಬಗ್ಗಿಸಿದ.

ರೇಸಿನ ದಿನ ಭಾನುವಾರ. ಸೆಕ್ರೆಟರಿ ಬೆಳಿಗ್ಗೆಯೇ ಮೂರು ಮಹಡಿ ಹತ್ತಿ ಬಂದು, ಉಸಿರು ಹದಕ್ಕೆ ಬಂದ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಸ್ಟೂಲಿನ ಮೇಲೆ ರೇಸಿನ ಗಡಿಯಾರ. ಅದೊಂದು ಮರದ ಪೆಟ್ಟಿಗೆ. ಹಕ್ಕಿ ಗೂಡಿನೊಳಗೆ ಹೋದ ಮೇಲೆ, ರೇಸಿಗೆಂದು ಅದರ ಕಾಲಿಗೆ ಹಾಕಿ ಕಳಿಸಿದ ರಬ್ಬರ್ ಪಟ್ಟಿಯನ್ನು ಬಿಚ್ಚಿ ಪೆಟ್ಟಿಗೆಯ ತೂತಿಗೆ ಹಾಕಿ ಹಿಡಿ ತಿರುಗಿಸಬೇಕು. ಆಗ ಸಮಯ ಕಾಗದದ ಮೇಲೆ ಒತ್ತಿಕೊಳ್ಳುತ್ತದೆ. ಹಕ್ಕಿ ಬಂದು ತಾರಸಿಯ ಮೇಲೆ ಎಷ್ಟು ಹೊತ್ತು ಕೂತರೂ, ಒಳಗೆ ಹೋಗುವವರೆಗೆ ಬಂದ ಹಾಗಲ್ಲ. ರೇಸಿನ ಇಡೀ ಸಂಕಟ ಇರುವುದು ಈ ಒಂದು ನಿಯಮದಲ್ಲಿ.

ಆ ಊರಿನಲ್ಲಿ ಬೆಳಕು ಹರಿದ ಮೇಲೆ ಹಕ್ಕಿಗಳನ್ನು ಬಿಟ್ಟಿದ್ದಾರೆಂದು ಸುದ್ದಿ ಬಂತು. ಅಲ್ಲಿಂದ ಬರುವ ಬೆಳಗಿನ ವಿಮಾನ ಅವಳ ತಾರಸಿಯ ಮೇಲೆಯೇ ಚಕ್ರ ಇಳಿಬಿಟ್ಟುಕೊಂಡು ಹೋಯಿತು.

“ನೋಡು, ಅವರೆಲ್ಲ ಆಗಲೇ ಬಂದ್ಬಿಟ್ರು,” ಅಂದರು ಸೆಕ್ರೆಟರಿ.

“ಅವರು ಊರಿಗೆ ಬಂದ್ರು ಅಷ್ಟೇ. ಇನ್ನು ಲಗೇಜಿಗೆ ಕಾಯ್ಬೇಕು, ಟ್ಯಾಕ್ಸಿಗೆ ಜಗಳ ಆಡ್ಬೇಕು, ಸೇತುವೆ ಮೇಲೆ ಸಿಕ್ಕಿ ಹಾಕ್ಕೋಬೇಕು. ಮನೆಗೆ ಹೋಗೋದು ಯಾವಾಗ್ಲೋ,” ಅಂದಳು ಅವಳು. ಮಾತು ಹಗುರವಾಗಿಯೇ ಇತ್ತು. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುವುದು, ಬಿಡುವುದು ಮಾಡುತ್ತಿತ್ತು.

ಹನ್ನೊಂದೂವರೆಯ ಹೊತ್ತಿಗೆ ಸೆಕ್ರೆಟರಿಯ ಫೋನಿಗೆ ಸುದ್ದಿ ಬರತೊಡಗಿತು. ಬೇಕರಿಯವನ ಹಕ್ಕಿ ಬಂತು. ಸರ್ವೆಯರನದು ಒಂದು ಬಂತು, ಹಿಂದೆಯೇ ಇನ್ನೊಂದು. ಹಲ್ಲಿನ ಡಾಕ್ಟರದು ಬಂತು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆಕಾಶ ನೋಡುತ್ತಿದ್ದಳು. ಒಂದು ಚುಕ್ಕಿ ಕಂಡರೆ ಎದೆ ಹಾರುವುದು, ಅದು ಕಾಗೆಯಾಗುವುದು. ಊಟದ ಹೊತ್ತಾಯಿತು. ಯಾರಿಗೂ ಊಟದ ನೆನಪಾಗಲಿಲ್ಲ.

ಆಮೇಲೆ ಅವಳ ಫೋನು ಬಡಿದುಕೊಂಡಿತು. ಅತ್ತಿಗೆ. ಸ್ಪೀಕರಿಗೆ ಹಾಕಿದಳು, ಮುಚ್ಚಿಡುವಂಥದ್ದೇನೂ ಅವಳ ಬಳಿ ಇರಲಿಲ್ಲ.

“ನಿನ್ನ ಮಹಾರಾಣಿ ಇಲ್ಲಿ ಬಂದು ಕೂತಿದ್ದಾಳೆ ಕಣೇ,” ಅಂದಳು ಅತ್ತಿಗೆ. “ನೀರಿನ ಟ್ಯಾಂಕಿನ ಮೇಲೆ.”

ಕನ್ನಡಕದಕ್ಕ ತಾರಸಿಯ ಗೋಡೆ ಹಿಡಿದುಕೊಂಡಳು. ಅಳು ಬಂತು, ಸೆಕ್ರೆಟರಿಯ ಮುಂದೆ ಅಳಬಾರದು ಅನ್ನುವ ಹಟವೂ ಅದರ ಜೊತೆಗೇ ಬಂತು. ಹಟ ಗೆದ್ದಿತು.

“ಹೋಗ್ಲಿ ಬಿಡಮ್ಮ. ಹಕ್ಕಿದೇನು ತಪ್ಪು? ಹುಟ್ಟಿದ ಮನೆ...” ಎಂದು ಸೆಕ್ರೆಟರಿ ಗಡಿಯಾರದ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು.

“ಒಳಗೆ ಹೋದ್ಲಾ?” ಅವಳು ಫೋನಿಗೆ ಕೇಳಿದಳು.

“ಇಲ್ಲ. ಮೇಲೆ ಕೂತು ನೀರು ಸೋರ್ತಿರೋದನ್ನ ಕುಡೀತಿದ್ದಾಳೆ. ಎಷ್ಟು ಸಲ ಹೇಳಿದೀನಿ ನಿಮ್ಮಣ್ಣನಿಗೆ, ಆ ಟ್ಯಾಂಕು ರಿಪೇರಿ ಮಾಡಿಸಿ ಅಂತ.”

“ಮುಚ್ಚಳ ಬಿಡಿ ಸಾರ್,” ಅಂದಳು ಕನ್ನಡಕದಕ್ಕ. “ಒಳಗೆ ಹೋಗಿಲ್ಲ ಅಂದ್ರೆ ಎಲ್ಲಿಗೂ ಬಂದಿಲ್ಲ. ನಿಮ್ಮದೇ ನಿಯಮ. ಇನ್ನೂ ಹಾರ್ತಾ ಇದ್ದಾಳೆ ಅಂತಾನೇ ಲೆಕ್ಕ.”

“ಟ್ಯಾಂಕಿನ ಮೇಲೆ ಕೂತಿದ್ದಾಳಂತಲ್ಲಮ್ಮ!”

“ಕೂತ್ಕೊಂಡೇ ಹಾರ್ತಾ ಇದ್ದಾಳೆ.”

ಸೆಕ್ರೆಟರಿ ಕೈ ಹಿಂದಕ್ಕೆ ತೆಗೆದುಕೊಂಡರು. ಈ ಹೆಂಗಸಿನ ಜೊತೆ ವಾದಕ್ಕಿಳಿದರೆ ತಮಗೇ ಮಾತ್ರೆ ಬೇಕಾದೀತು ಅನಿಸಿರಬೇಕು.

ಅಲ್ಲಿಂದ ಮುಂದೆ ಅತ್ತಿಗೆಯ ಬಾಯಿಂದಲೇ ರೇಸು ನಡೆಯಿತು. ಸರ್ವೆಯರ್ ಕಾಳಿನ ಡಬ್ಬಿ ಅಲ್ಲಾಡಿಸುತ್ತಿದ್ದಾನೆ. ತಂಗಿಯ ಹಾಗೇ ಸಿಳ್ಳೆ ಹಾಕಲು ನೋಡುತ್ತಿದ್ದಾನೆ, ಬರೀ ಗಾಳಿ ಬರುತ್ತಿದೆ. ಮುಂಗೋಪಿ ಕೆಳಗಿಳಿದು ಗೂಡಿನ ಬಾಗಿಲಲ್ಲಿ ನಿಂತಿತು. ಕನ್ನಡಕದಕ್ಕ ಉಸಿರು ಹಿಡಿದಳು. ಮುಂಗೋಪಿಯ ಹಳೇ ಖಾನೆಯಲ್ಲಿ ಬೇರೊಂದು ಜೋಡಿ ಕೂತಿದೆ. ಒಳಗಿನಿಂದ ಆ ಜೋಡಿ ಇದನ್ನು ಕುಕ್ಕಿತು. ಇದು ಎರಡು ಪಟ್ಟು ಕುಕ್ಕಿ ಮತ್ತೆ ಟ್ಯಾಂಕಿನ ಮೇಲೆ ಹೋಗಿ ಕೂತಿತು.

“ನಿಮ್ಮಣ್ಣ ಈಗ ಆ ಜೋಡೀನ ಹೊರಗೆ ಹಾಕ್ತಿದ್ದಾರೆ,” ಅಂದಳು ಅತ್ತಿಗೆ. “ಇವಳಿಗೆ ಜಾಗ ಖಾಲಿ ಮಾಡಿಕೊಡ್ತಿದ್ದಾರಂತೆ.” ಆಮೇಲೆ ದನಿ ತಗ್ಗಿಸಿದಳು. “ಕೇಳಿಲ್ಲಿ. ನಾನು ಬಟ್ಟೆ ಒಣಹಾಕೋ ನೆಪದಲ್ಲಿ ಮೇಲೇ ಇದ್ದೀನಿ. ಒಂದು ಒದ್ದೆ ಸೀರೆ ತಗೊಂಡು ಜೋರಾಗಿ ಒದರಿದ್ರೆ ಸಾಕು, ಎದ್ದು ನಿನ್ನ ಕಡೆಗೇ ಬರ್ತಾಳೆ. ಒದರ್ಲಾ?”

ಸೆಕ್ರೆಟರಿಗೆ ಆ ಹೊತ್ತಿಗೆ ಸರಿಯಾಗಿ ಕನ್ನಡಕ ಒರೆಸಿಕೊಳ್ಳಬೇಕು ಅನಿಸಿತು. ಒರೆಸುತ್ತ ಅತ್ತ ಹೊಳೆಯ ಕಡೆ ತಿರುಗಿ ಕೂತರು. ಮನುಷ್ಯ ಒಳ್ಳೆಯವರೇ.

ಕನ್ನಡಕದಕ್ಕನ ನಾಲಿಗೆಯ ತುದಿಗೆ ‘ಒದರು’ ಬಂದಿತ್ತು. ಒಂದೇ ಒಂದು ಸೀರೆಯ ಗಾಳಿ. ಮರಿಗಳಿಗೆ ಉಂಗುರ, ಬೋರ್ಡಿನ ಮೇಲೆ ಒಂದು ಸಾಲು, ಅಣ್ಣನ ನಗುವಿಗೆ ಉತ್ತರ, ಎಲ್ಲವೂ ಆ ಸೀರೆಯ ಅಂಚಿನಲ್ಲಿತ್ತು. ಅವಳು ತುಂಬ ಆಸೆಪಟ್ಟಳು. ಆಸೆಪಟ್ಟದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

“ಬೇಡ ಅತ್ತಿಗೆ.”

“ಯಾರಿಗೂ ಗೊತ್ತಾಗಲ್ವೇ ಹುಚ್ಚಿ!”

“ನನಗೆ ಗೊತ್ತಾಗುತ್ತಲ್ಲ. ನಾನು ಆ ಮನೆ ಬಿಟ್ಟಾಗ ಯಾರಾದ್ರೂ ಸೀರೆ ಒದರಿ ಓಡಿಸಿದ್ರಾ? ನಾನಾಗೇ ಬಂದೆ. ಅವಳೂ ಬರೋದಾದ್ರೆ ಅವಳಾಗೇ ಬರ್ಲಿ. ಇಲ್ಲಾಂದ್ರೆ ಅಲ್ಲೇ ಇರ್ಲಿ. ನೀನು ಓಡಿಸ್ಬೇಡ, ಅವನು ಕರೆದ್ರೆ ತಡೀಬೇಡ.”

“ನಿಮ್ಮ ಮನೆಯವರ ಹಟ ನಿಮಗೇ ಇರ್ಲಿ,” ಎಂದು ಅತ್ತಿಗೆ ಬೈದಳು. ಫೋನು ಮಾತ್ರ ಇಡಲಿಲ್ಲ.

ಗೂಡಿನೊಳಗೆ ಮರಿಗಳು ಚೀಂವ್ ಅನ್ನುತ್ತಿದ್ದವು. ಬಿಸಿಲು ತಾರಸಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದಿತ್ತು. ಫೋನಿನಲ್ಲಿ ಅತ್ತಿಗೆಯ ದನಿ ಥಟ್ಟನೆ ಏರಿತು. “ಇಳಿದ್ಲು. ಕಾಳು ತಿಂತಿದ್ದಾಳೆ. ಬಾಗಿಲ ಹತ್ರ ಹೋದ್ಲು. ತಲೆ ಒಳಗೆ ಹಾಕಿದ್ಲು ಕಣೇ... ನಿಮ್ಮಣ್ಣ ಹಿಂದಿನಿಂದ ಮೆಲ್ಲಗೆ ಕೈ ಹಾಕ್ತಿದ್ದಾರೆ, ಒಳಗೆ ತಳ್ಳೋಕೆ...”

ಆಮೇಲೆ ಫೋನಿನಲ್ಲಿ ಒಂದು ಗಂಡಸಿನ ಚೀರಾಟ ಕೇಳಿಸಿತು.

“ಕುಕ್ಕಿದ್ಲು!” ಅತ್ತಿಗೆ ನಗು ತಡೆಯಲಾರದೆ ಒದ್ದಾಡುತ್ತಿದ್ದಳು. “ರಕ್ತ ಬಂತು! ಎದ್ಲು, ಎದ್ಲು... ಹೋದ್ಲು. ಯಾವ ಕಡೆ ಅಂತ ಕಾಣಿಸ್ಲಿಲ್ಲ.”

ಹೊಳೆ ದಾಟಲು ಮುಂಗೋಪಿಗೆ ಐದು ನಿಮಿಷ ಸಾಕು. ಐದು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಬಿಸಿಲು ಹಳದಿಯಾಯಿತು. ಗಿಡುಗ ಹಿಡಿಯಿತೇನೋ, ತಂತಿಗೆ ಬಡಿಯಿತೇನೋ, ದಿಕ್ಕು ತಪ್ಪಿತೇನೋ ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಸೆಕ್ರೆಟರಿ ಪಶ್ಚಿಮದ ಕಡೆ ನೋಡುವುದು, ಅವಳ ಮುಖ ನೋಡಲಾರದೆ ಪೆಟ್ಟಿಗೆ ನೋಡುವುದು ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಅವಳು ಒಂದು ನಿರ್ಧಾರಕ್ಕೆ ಬಂದಳು. ಹಕ್ಕಿ ಬರದಿದ್ದರೆ ಹಕ್ಕಿಗಳನ್ನು ಕೊಡುತ್ತಾಳೆ, ಮಾತು ಮಾತೇ. ತಾನು ಮಾತ್ರ ಹೋಗುವುದಿಲ್ಲ. ಖಾಲಿ ಗೂಡಿನ ಪಕ್ಕ ಬೇಕಾದರೂ ಇರುತ್ತಾಳೆ.

“ಸಾರ್, ಒಂದು ಮಾತು,” ಎಂದು ಅದನ್ನು ಹೇಳಲು ಬಾಯಿ ತೆರೆದಳು.

“ಶ್!” ಅಂದರು ಸೆಕ್ರೆಟರಿ.

ತಾರಸಿಯ ಗೋಡೆಯ ಮೇಲೆ ಮುಂಗೋಪಿ ನಿಂತಿತ್ತು. ಯಾವ ಕಡೆಯಿಂದ ಬಂತೋ ಇಬ್ಬರೂ ನೋಡಿರಲಿಲ್ಲ. ರೆಕ್ಕೆಯ ಒಂದು ಗರಿ ಮುರಿದು ಜೋತಿತ್ತು. ಈ ಮಧ್ಯೆ ಎಲ್ಲೆಲ್ಲಿ ಸುತ್ತಿತು, ಏನು ಯೋಚಿಸಿತು ಎಂಬುದನ್ನು ಅದನ್ನೇ ಕೇಳಬೇಕು, ಕೇಳಿದರೆ ಕುಕ್ಕುತ್ತದೆ. ಅವಳು ಡಬ್ಬಿ ಅಲ್ಲಾಡಿಸಲಿಲ್ಲ, ಸಿಳ್ಳೆ ಹಾಕಲಿಲ್ಲ, ಕದಲಲೂ ಇಲ್ಲ. ಸೆಕ್ರೆಟರಿಯೇ ತುದಿಗಾಲಲ್ಲಿ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಒಳಗಿನಿಂದ ಮರಿಗಳ ಚೀಂವ್ ಕೇಳಿಸಿತು. ಮುಂಗೋಪಿ ತಲೆ ಓರೆ ಮಾಡಿ ಇಬ್ಬರನ್ನೂ ಒಮ್ಮೆ ನೋಡಿ, ಕೆಳಗೆ ಹಾರಿ, ತನ್ನದೇ ಮನೆ ಅನ್ನುವ ಹಾಗೆ ನಡೆದುಕೊಂಡು ಒಳಗೆ ಹೋಯಿತು. ಹೋದದ್ದೇ ಮನೆಅಳಿಯನನ್ನು ರೆಕ್ಕೆಯಿಂದ ಬಾರಿಸಿ ಮರಿಗಳ ಮೇಲೆ ಕೂತಿತು.

ಕಾಲಿನ ಪಟ್ಟಿ ಬಿಚ್ಚುವಾಗ ಅವಳು ಅಳುತ್ತಿದ್ದಳು. ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಪಟ್ಟಿ ಪೆಟ್ಟಿಗೆಗೆ ಬಿತ್ತು, ಹಿಡಿ ತಿರುಗಿತು.

ಸೆಕ್ರೆಟರಿ ಕಾಗದ ನೋಡಿ ತಲೆ ಕೆರೆದುಕೊಂಡರು. “ಎಲ್ಲರಿಗಿಂತ ಕೊನೇಗೆ ಬಂದಿದ್ದು ನಿಂದೇ. ಇಷ್ಟು ಕೆಟ್ಟ ಸಮಯ ಕ್ಲಬ್ಬಿನಲ್ಲಿ ಯಾರದೂ ಇರ್ಲಿಲ್ಲ. ನಾನೊಂದು ಮಾಡ್ತೀನಿ. ಅಲ್ಲಿ ಕೂತಿದ್ದ ಹೊತ್ತನ್ನ ಕಳೆದುಬಿಟ್ಟು ಬರೀತೀನಿ. ಮೊದಲನೇ ಸಲ ಬೋರ್ಡಿಗೆ ಹೋಗ್ತಿದ್ದೀಯ, ಮರ್ಯಾದೆ ಪ್ರಶ್ನೆ.”

“ಕಳೀಬೇಡಿ ಸಾರ್. ಪೂರ್ತಿ ಬರೀರಿ,” ಅಂದಳು ಕನ್ನಡಕದಕ್ಕ, ಕೆನ್ನೆ ಒರೆಸಿಕೊಳ್ಳುತ್ತ. “ತವರಲ್ಲಿ ಕೂತಿದ್ದೂ ಸೇರಿಸಿ. ಅದೂ ದಾರೀನೇ.”

ಮಾರನೇ ದಿನ ಬೆಳಿಗ್ಗೆ ಸರ್ವೆಯರ್ ಅಳತೆಯ ಯಂತ್ರ ಹೆಗಲಿಗೇರಿಸಿಕೊಂಡು ಮೂರು ಮಹಡಿ ಹತ್ತಿ ಬಂದ. ತಂಗಿ ಮನೆ ಬಿಟ್ಟ ಮೇಲೆ ಇದೇ ಮೊದಲ ಸಲ. ಬಲಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಸೆಕ್ರೆಟರಿ ಹಿಂದೆಯೇ ಬಂದು ಎರಡು ಉಂಗುರ ಅವಳ ಅಂಗೈಗೆ ಹಾಕಿದರು. ಅಣ್ಣ ಮೂರು ಕಾಲಿನ ಸ್ಟ್ಯಾಂಡು ಬಿಡಿಸಿ ನಿಲ್ಲಿಸುವಷ್ಟರಲ್ಲಿ ಅವಳು ಮರಿಗಳ ಕಾಲಿಗೆ ಅವನ್ನು ತೊಡಿಸಿ ಮುಗಿಸಿದ್ದಳು. ಒಂದು ದಿನ ತಡವಾಗಿದ್ದರೆ ಹತ್ತುತ್ತಿರಲಿಲ್ಲ.

ಸರ್ವೆಯರ್ ಸುತ್ತಲೂ ನೋಡಿದ. ಹಳೇ ಬಾಗಿಲಿನ ಗೂಡು, ಒಣಹಾಕಿದ ಎರಡೇ ಬಟ್ಟೆ, ಒಂದೇ ಕುರ್ಚಿ. “ನೋಡು, ನಡುವೆ ಹೊಳೆ ಅಷ್ಟೇ,” ಅಂದ. “ಒಂದೇ ಊರು. ನಮ್ಮನೆ ಅಂಕೀನೇ ಬರೆದ್ರೂ ಕೂದಲೆಳೆಯಷ್ಟು ವ್ಯತ್ಯಾಸ. ಅಳೀಲೇಬೇಕಾ?”

“ಒಂದೇ ಊರಾದ್ರೆ ಫೋನಲ್ಲಿ ನೋಡ್ಕೋಬಹುದಿತ್ತು. ಇಷ್ಟು ಮೆಟ್ಟಿಲು ಯಾಕೆ ಹತ್ತಿದೆ? ಅಳಿ.”

ಅವನು ಅಳೆದ. ಕೆಲಸದಲ್ಲಿ ಅವನು ಮೋಸಗಾರನಲ್ಲ, ಅದೊಂದು ಗುಣ ಇತ್ತು. ಯಂತ್ರ ನೋಡಿದ, ಲೆಕ್ಕ ಹಾಕಿದ, ಇನ್ನೊಮ್ಮೆ ನೋಡಿದ. ಪೆನ್ನು ತೆಗೆದವನು ಬರೆಯದೆ ನಿಂತ.

“ಇದು ಬೋರ್ಡಿಗೆ ಹೋದ್ಮೇಲೆ ನೀನು ನಮ್ಮನೆಗೆ ಬರಲ್ಲ,” ಅಂದ. ಕೇಳಿದನೋ ಹೇಳಿದನೋ ಗೊತ್ತಾಗಲಿಲ್ಲ. ದನಿಯಲ್ಲಿ ನಗು ಇರಲಿಲ್ಲ. ನಗು ಇಲ್ಲದ ಆ ದನಿ ಕೇಳಿ ಅವಳಿಗೆ, ಇವನೂ ಒಬ್ಬನೇ ಆಗಿದ್ದಾನೆ, ಕಾಳಿನ ಡಬ್ಬಿ ಹಿಡಿದು ಸಿಳ್ಳೆ ಬಾರದೆ ನಿಂತಿದ್ದಾನೆ ಅನಿಸಿತು. ಆದರೂ ಅವಳು ಬಗ್ಗಲಿಲ್ಲ.

“ಬರ್ತೀನಿ ಅಣ್ಣ. ಬಂದು ನಿಮ್ಮನೆಯಲ್ಲಿ ನೀರು ಕುಡಿದು, ನನ್ನ ಮನೆಗೆ ವಾಪಸ್ ಹೋಗ್ತೀನಿ.”

ಅವನು ಬಟ್ಟೆ ಸುತ್ತಿದ ಬೆರಳಿನಲ್ಲೇ ಪೆನ್ನು ಹಿಡಿದು ಕಿಲೋಮೀಟರು ಬರೆದ. ಅವನ ಮನೆಗಿಂತ ಎರಡು ಹೆಚ್ಚು.

“ಚಿಲ್ಲರೆ ಬಿಡ್ಲಾ?” ಅಂದ.

“ಒಂದು ಮೀಟರೂ ಬಿಡ್ಬೇಡ,” ಅಂದಳು ಅವಳು.

ಅವನು ಬರೆದ.